ಗಾಳಿಗೆ ಬಾಗಿದ ಮರ

ಬೆಂಗಳೂರಿನ ಪಡುವಣ ಅಂಚಿನಲ್ಲಿರುವ ನಮ್ಮ ಉಲ್ಲಾಳದಲ್ಲಿ ಆಷಾಢ ಕಾಲಿಟ್ಟಿತೆಂಬುದನ್ನು ತಿಳಿಯಲು ಪಂಚಾಂಗವನ್ನು ಬಿಚ್ಚಬೇಕಾಗಿಲ್ಲ. ಮಹಡಿಯ ಮೇಲೆ ಒಣಹಾಕಿದ ಪಂಚೆ ನೆರೆಮನೆಯವರ ತುಳಸಿಕಟ್ಟೆಯ ಮೇಲೆ ಹೋಗಿ ಕುಳಿತಿದ್ದರೆ ಆಷಾಢ ಬಂದಿತೆಂದೇ ಅರ್ಥ. ಪಶ್ಚಿಮದಿಂದ ಬರುವ ಗಾಳಿ ನಗರವನ್ನು ಪ್ರವೇಶಿಸುವುದು ನಮ್ಮ ಕಡೆಯಿಂದಲೇ. ವಿಜಯನಗರಕ್ಕೂ ರಾಜಾಜಿನಗರಕ್ಕೂ ಅದು ತಲಪುವ ಹೊತ್ತಿಗೆ ಸಾವಿರಾರು ಮನೆಗಳ ಗೋಡೆಗೆ ಬಡಿದು ಅರ್ಧ ಸುಸ್ತಾಗಿರುತ್ತದೆ. ನಮಗೆ ಸಿಕ್ಕುವುದು ಮಾತ್ರ ಹೊಚ್ಚಹೊಸ ಸರಕು!

ಇಂಥದೊಂದು ಬೆಳಗ್ಗೆ ಕೆರೆಯ ಕಡೆಗೆ ತಿರುಗಾಡಲು ಹೊರಟಿದ್ದೆವು. ಜೊತೆಗಿದ್ದವರು ನಿವೃತ್ತ ಇಂಜಿನಿಯರೊಬ್ಬರು. ಅಳತೆಗೆ ಸಿಕ್ಕದ ಯಾವುದನ್ನೂ ನಂಬದ ಜಾತಿ. ದಾರಿಯ ಪಕ್ಕದಲ್ಲಿ ಒಂದು ಹೊಂಗೆಮರವಿದೆ. ಅದರ ಬೊಡ್ಡೆ ಮೂಡಲಿಗೆ ವಾಲಿದೆ. ಕೊಂಬೆಗಳೆಲ್ಲ ಆ ದಿಕ್ಕಿಗೇ ಚಾಚಿಕೊಂಡಿವೆ. ಪಡುವಣ ಮಗ್ಗುಲು ಬೋಳು. ಕೆದರಿದ ಕೂದಲನ್ನು ಒಂದೇ ಕಡೆಗೆ ಬಾಚಿದ ಹಾಗೆ ತೋರುತ್ತದೆ. "ಇದೇಕೆ ಸ್ವಾಮಿ ಹೀಗೆ?" ಎಂದು ಅವರು ಕೇಳಿದರು. "ಪಡುವಣ ಗಾಳಿಯ ಕೆಲಸ. ಇಂಥ ಮರಗಳನ್ನು ನೋಡಿಯೇ ಗಾಳಿಯಂತ್ರವನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಶಾಸ್ತ್ರವೊಂದಿದೆ" ಎಂದೆ ನಾನು, ಬಹಳ ತಿಳಿದವನಂತೆ. ಅವರು ನಕ್ಕರು. "ಮರ ನೋಡಿ ಮಳೆ ಹೇಳುವವರನ್ನು ಕಂಡಿದ್ದೇನೆ. ಮರ ನೋಡಿ ವಿದ್ಯುಚ್ಛಕ್ತಿಯ ಲೆಕ್ಕ ಹೇಳುವವರನ್ನು ಇವತ್ತೇ ಕಂಡದ್ದು."

ಆ ನಗೆಗೆ ಉತ್ತರವಾಗಿ ನಾನು ಅವರಿಗೆ ಹೇಳಿದ ಕಥೆಯನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ. ಆ ಹೊಂಗೆಮರದ ವ್ಯಾಜ್ಯ ಹೇಗೆ ಮುಗಿಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದರಲ್ಲಿ ನನಗೆ ಹೆಮ್ಮೆ ಪಡುವಂಥದೇನೂ ಇಲ್ಲ.

ತೂರುವವರ ವಿದ್ಯೆ

"ಗಾಳಿ ಬಂದಾಗ ತೂರಿಕೋ" ಎಂಬುದು ನಮ್ಮಲ್ಲಿ ಮನೆಮಾತು. ಈಗ ಅದನ್ನು ಅವಕಾಶವಾದಿಗಳ ಮೇಲೆ ಪ್ರಯೋಗಿಸುತ್ತೇವೆ. ಅದು ಹುಟ್ಟಿದ್ದಾದರೋ ಸುಗ್ಗಿಯ ಕಣದಲ್ಲಿ. ರಾಗಿಯನ್ನು ತುಳಿಸಿ, ಮೊರದಲ್ಲಿ ತುಂಬಿ, ತಲೆಯ ಮೇಲಕ್ಕೆತ್ತಿ ಸುರಿದರೆ ಕಾಳು ಕಾಲ ಬುಡಕ್ಕೆ ಬೀಳಬೇಕು, ಹೊಟ್ಟು ಆಚೆ ಹಾರಬೇಕು. ಗಾಳಿ ಇಲ್ಲದಿದ್ದರೆ ಎರಡೂ ಒಂದೇ ಕಡೆ. ಗಾಳಿ ಅತಿಯಾದರೆ ಕಾಳೂ ಹೊಟ್ಟಿನೊಡನೆ ಪರಾರಿ. ಆದ್ದರಿಂದ ಕಣ ಮಾಡುವ ಜಾಗವನ್ನು ರೈತ ಸುಮ್ಮನೆ ಆರಿಸುತ್ತಿರಲಿಲ್ಲ. ತೋಪಿನ ಮರೆ ಇರಬಾರದು, ತಗ್ಗಿನಲ್ಲಿ ಇರಬಾರದು, ಸುಗ್ಗಿಯ ತಿಂಗಳುಗಳ ಮೂಡಗಾಳಿ ಹದವಾಗಿ, ಬಿಡದೆ, ಹಾಯಬೇಕು. ಊರಿನ ಯಾವ ದಿಣ್ಣೆಗೆ ಯಾವ ತಿಂಗಳಲ್ಲಿ ಯಾವ ಹೊತ್ತಿಗೆ ಎಂಥ ಗಾಳಿ ಎಂಬುದು ಹಿರಿಯರಿಗೆ ಬಾಯಿಪಾಠವಾಗಿತ್ತು. ಗಾಳಿಯ ಉಪಯೋಗಕ್ಕೆಂದು ನೆಲವನ್ನು ಆರಿಸುವ ವಿದ್ಯೆ ನಮ್ಮಲ್ಲಿ ಹೊಸದಲ್ಲ. ಅದನ್ನು ಯಾರೂ ಬರೆದಿಡಲಿಲ್ಲ, ಅಷ್ಟೇ.

ಮರವನ್ನು ನೋಡಿ ಗಾಳಿಯನ್ನು ಅಳೆಯುವುದು ವಿಜ್ಞಾನಿಗಳಿಗೂ ಹೊಸದಲ್ಲ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ ೧೮೦೫ರಲ್ಲಿ ಗಾಳಿಯ ಬಲವನ್ನು ಸೊನ್ನೆಯಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದ. ಅದು ಹಡಗಿನವರ ಲೆಕ್ಕ. ಎಷ್ಟು ಹಾಯಿ ಬಿಚ್ಚಬಹುದು, ಎಷ್ಟು ಸುತ್ತಬೇಕು ಎಂಬುದೇ ಅದರ ಭಾಷೆ. ನೆಲದ ಮೇಲಿರುವವರಿಗೂ ಅದು ಉಪಯೋಗಕ್ಕೆ ಬರಲೆಂದು ೧೯೦೬ರಲ್ಲಿ ಜಾರ್ಜ್ ಸಿಂಪ್ಸನ್ ಅದಕ್ಕೆ ಮರಗಳ ಭಾಷೆಯನ್ನು ಕಲಿಸಿದ. ಎಲೆ ಸರಸರ ಎಂದರೆ ಎರಡನೆಯ ಮೆಟ್ಟಿಲು, ಎಳೆಯ ಮರ ತೂಗಾಡಿದರೆ ಐದನೆಯದು, ದೊಡ್ಡ ಮರ ಇಡಿಯಾಗಿ ಅಲುಗಾಡಿದರೆ ಏಳನೆಯದು, ರೆಂಬೆ ಮುರಿದು ಬಿದ್ದರೆ ಎಂಟನೆಯದು. ಈ ಸಿಂಪ್ಸನ್ ನಮ್ಮ ಸಿಮ್ಲೆಯಲ್ಲಿದ್ದ ಹವಾಮಾನ ಇಲಾಖೆಯ ಕಚೇರಿಯಲ್ಲಿ ಹಲವು ವರ್ಷ ಕೆಲಸ ಮಾಡಿದವನು.

ಆದರೆ ಸಿಂಪ್ಸನ್ನನ ಮರ ಹೇಳುವುದು ಆ ಕ್ಷಣದ ಸುದ್ದಿಯನ್ನು. ಗಾಳಿ ನಿಂತಿತೆಂದರೆ ಅದೂ ತೆಪ್ಪಗಾಗುತ್ತದೆ. ಗಾಳಿಯಿಂದ ವಿದ್ಯುತ್ತನ್ನು ಪಡೆಯಬೇಕೆನ್ನುವವನಿಗೆ ಬೇಕಾದದ್ದು ವರ್ಷಗಳ ಸರಾಸರಿ. ಅದನ್ನು ಹೇಳಬಲ್ಲದ್ದು ಮರದ ಚಲನೆಯಲ್ಲ, ಮರದ ಆಕಾರ.

ಮೂರು ಸಲ ಗುಣಿಸಿದ ಲೆಕ್ಕ

ಸರಾಸರಿಯ ಬಗ್ಗೆ ಇಷ್ಟೊಂದು ತಲೆನೋವೇಕೆ ಎಂದು ಕೇಳಬಹುದು. ಗಾಳಿಯಲ್ಲಿರುವ ಶಕ್ತಿ ಅದರ ವೇಗದೊಡನೆ ಸಮಸಮನಾಗಿ ಏರುವುದಿಲ್ಲ. ವೇಗವನ್ನು ಅದರಿಂದಲೇ ಮೂರು ಸಲ ಗುಣಿಸಿದ ಪ್ರಮಾಣದಲ್ಲಿ ಏರುತ್ತದೆ. ಸೆಕೆಂಡಿಗೆ ೫ ಮೀಟರ್ ಬೀಸುವ ಗಾಳಿಯ ಶಕ್ತಿಯನ್ನು ೧೨೫ ಎಂದುಕೊಂಡರೆ, ೬ ಮೀಟರ್ ಬೀಸುವುದರ ಶಕ್ತಿ ೨೧೬. ಮೈಗೆ ತಾಕಿದಾಗ ಎರಡಕ್ಕೂ ಏನೂ ವ್ಯತ್ಯಾಸ ತಿಳಿಯದು. ಯಂತ್ರಕ್ಕೆ ಮಾತ್ರ ಒಂದಕ್ಕೆ ಮುಕ್ಕಾಲಿನಷ್ಟು ಹೆಚ್ಚಿನ ಸಂಪಾದನೆ. ಆದ್ದರಿಂದ ಯಂತ್ರ ಎಷ್ಟೇ ಚೆನ್ನಾಗಿರಲಿ, ನೆಲವನ್ನು ಆರಿಸುವಲ್ಲಿ ಎಡವಿದರೆ ಎಲ್ಲವೂ ನೀರಿನಲ್ಲಿ ಮಾಡಿದ ಹೋಮ. ಹೀಗೆ ಎಡವಿದ ಒಬ್ಬ ದೊಡ್ಡ ಮನುಷ್ಯನಿಂದಲೇ ನಮ್ಮ ಮರಗಳ ಶಾಸ್ತ್ರ ಹುಟ್ಟಿದ್ದು.

ಅಮೆರಿಕದ ಪಾಮರ್ ಪುಟ್ನಮ್ ಭೂವಿಜ್ಞಾನ ಬಲ್ಲ ಇಂಜಿನಿಯರು. ೧೯೩೪ರ ಸುಮಾರಿಗೆ ಸಮುದ್ರತೀರದ ಕೇಪ್ ಕಾಡ್ ಎಂಬಲ್ಲಿ ಮನೆ ಮಾಡಿದ ಮೇಲೆ ಅವನ ಗಮನಕ್ಕೆ ಎರಡು ಸಂಗತಿಗಳು ಬಂದವು: ಅಲ್ಲಿ ಗಾಳಿ ಬಹಳ, ವಿದ್ಯುತ್ತಿನ ಬಿಲ್ಲೂ ಬಹಳ. ಎರಡನ್ನೂ ಒಂದಕ್ಕೊಂದು ಹೊಂದಿಸಬಾರದೇಕೆ ಎಂಬ ಆಲೋಚನೆ ಬೆಳೆದು ಬೆಳೆದು, ಜಗತ್ತು ಅದುವರೆಗೆ ಕಾಣದಷ್ಟು ದೊಡ್ಡ ಗಾಳಿಯಂತ್ರವಾಗಿ ನಿಂತಿತು. ಪೆನ್ಸಿಲ್ವೇನಿಯಾದ ಎಸ್. ಮಾರ್ಗನ್ ಸ್ಮಿತ್ ಕಂಪೆನಿ ಹಣ ಹಾಕಿತು. ರೆಕ್ಕೆಯ ವಿಚಾರಕ್ಕೆ ಫಾನ್ ಕಾರ್ಮನ್, ಹವೆಯ ವಿಚಾರಕ್ಕೆ ಪೆಟರ್ಸನ್, ಹೀಗೆ ಆ ಕಾಲದ ಘಟಾನುಘಟಿಗಳು ಸಲಹೆಗೆ ಬಂದರು. ವರ್ಮಾಂಟ್ ಸಂಸ್ಥಾನದ ಗ್ರ್ಯಾಂಡ್‌ಪಾಸ್ ನಾಬ್ ಎಂಬ ಬೆಟ್ಟದ ನೆತ್ತಿಯ ಮೇಲೆ, ೧೭೫ ಅಡಿ ವ್ಯಾಸದ ಎರಡು ರೆಕ್ಕೆಯ ಯಂತ್ರ ತಲೆಯೆತ್ತಿತು. ಒಂದೊಂದು ರೆಕ್ಕೆಯೂ ೮ ಟನ್ ತೂಕ. ಅದರ ಸಾಮರ್ಥ್ಯ ೧,೨೫೦ ಕಿಲೋವ್ಯಾಟ್. ೧೯೪೧ರ ಅಕ್ಟೋಬರ್ ೧೯ರಂದು ಅದು ಊರಿನ ವಿದ್ಯುತ್ ಜಾಲಕ್ಕೆ ಶಕ್ತಿಯನ್ನು ಹರಿಸಿತು.

ಆಮೇಲೆ ನಡೆದದ್ದು ದುಃಖದ ಕಥೆ. ೧೯೪೩ರಲ್ಲಿ ಮುಖ್ಯ ಬೇರಿಂಗು ಕೆಟ್ಟಿತು. ಯುದ್ಧದ ಕಾಲ, ಬೇರೊಂದು ಸಿಕ್ಕಲು ಎರಡು ವರ್ಷ ಹಿಡಿಯಿತು. ೧೯೪೫ರ ಮಾರ್ಚ್ ೨೬ರಂದು ಒಂದು ರೆಕ್ಕೆ ಬುಡದಲ್ಲಿ ಮುರಿದು ಬೆಟ್ಟದ ಇಳಿಜಾರಿಗೆ ಹಾರಿಹೋಯಿತು. ಅಲ್ಲಿಗೆ ಯಂತ್ರದ ಆಯುಸ್ಸು ಮುಗಿಯಿತು.

ರೆಕ್ಕೆ ಮುರಿದದ್ದನ್ನು ಎಲ್ಲರೂ ಕಂಡರು. ಅದಕ್ಕಿಂತ ದೊಡ್ಡ ಸೋಲು ಲೆಕ್ಕದ ಪುಸ್ತಕದಲ್ಲಿ ಅಡಗಿತ್ತು. ಆ ಬೆಟ್ಟದ ಮೇಲೆ ಗಾಳಿಯ ಸರಾಸರಿ ವೇಗ ಗಂಟೆಗೆ ೨೪ ಮೈಲಿ ಇರುವುದೆಂದು ಪಂಡಿತರು ಅಂದಾಜು ಮಾಡಿದ್ದರು. ಅಳೆದು ನೋಡಿದರೆ ಸಿಕ್ಕಿದ್ದು ೧೭ ಮೈಲಿ. ಏಳು ಮೈಲಿ ಕಡಿಮೆಯಾದರೇನಂತೆ ಎನ್ನಬೇಡಿ. ಮೂರು ಸಲ ಗುಣಿಸುವ ಲೆಕ್ಕವನ್ನು ಹಾಕಿದರೆ ಗಾಳಿಯಲ್ಲಿದ್ದ ಶಕ್ತಿ, ನಿರೀಕ್ಷಿಸಿದ್ದರ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಮಂಜುಗಡ್ಡೆ ಕಟ್ಟೀತೆಂಬ ಭಯದಿಂದ ಎತ್ತರದ ಶಿಖರಗಳನ್ನು ಬಿಟ್ಟು, ಸುಮಾರು ಎರಡು ಸಾವಿರ ಅಡಿಯ ಈ ಬೆಟ್ಟವನ್ನು ಆರಿಸಿದ್ದರು. ಬೆಟ್ಟದ ಆಕಾರದಿಂದ ಗಾಳಿಯ ವೇಗವನ್ನು ಊಹಿಸಲು ಹೋದ ವಿದ್ಯೆ ಕೈಕೊಟ್ಟಿತ್ತು.

ಗ್ರಿಗ್ಸ್ ಏರಿದ ಮೆಟ್ಟಿಲು

ಪುಟ್ನಮ್‌ಗೆ ನೆರವಾದವರಲ್ಲಿ ಒಬ್ಬ ಸಸ್ಯಶಾಸ್ತ್ರಜ್ಞನೂ ಇದ್ದ: ರಾಬರ್ಟ್ ಗ್ರಿಗ್ಸ್. ಅಲಾಸ್ಕದ ಕಾಟ್ಮಾಯ್ ಪ್ರದೇಶದಲ್ಲಿ ೧೯೧೨ರಲ್ಲಿ ಅಗ್ನಿಪರ್ವತ ಸಿಡಿದ ಮೇಲೆ ಅಲ್ಲಿಗೆ ಹೋಗಿ, ಸಾವಿರಾರು ಬಿರುಕುಗಳಿಂದ ಹಬೆಯೇಳುತ್ತಿದ್ದ ಕಣಿವೆಯನ್ನು ೧೯೧೬ರಲ್ಲಿ ಕಂಡು, ಅದಕ್ಕೆ "ಹತ್ತು ಸಾವಿರ ಹೊಗೆಗಳ ಕಣಿವೆ" ಎಂದು ಹೆಸರಿಟ್ಟವನು ಈತನೇ. ಬೆಟ್ಟಗಳಲ್ಲಿ ಮರಗಳು ಬೆಳೆಯುವುದು ನಿಂತುಹೋಗುವ ಎಲ್ಲೆಯನ್ನು ಅಭ್ಯಾಸ ಮಾಡಿದ್ದವನು. ಗಾಳಿ ಮರಕ್ಕೆ ಏನು ಮಾಡುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗಾಳಿ ಮರವನ್ನು ಬಗ್ಗಿಸುವುದು ಕೇವಲ ತಳ್ಳಿ ಅಲ್ಲ. ಗಾಳಿಗೆದುರಾದ ಮೊಗ್ಗುಗಳನ್ನು ಅದು ಒಣಗಿಸುತ್ತದೆ. ಕಡಲತೀರದಲ್ಲಾದರೆ ಉಪ್ಪನ್ನು, ಹಿಮದ ನಾಡಿನಲ್ಲಾದರೆ ಮಂಜಿನ ಹರಳುಗಳನ್ನು ತಂದು ಉಜ್ಜುತ್ತದೆ. ಆ ಮಗ್ಗುಲಿನ ಚಿಗುರು ಸಾಯುತ್ತದೆ. ಮರೆಯ ಮಗ್ಗುಲಿನದು ಬದುಕುತ್ತದೆ. ಎಳೆಯ ಕೊಂಬೆಗಳು ದಿನವೂ ಒಂದೇ ದಿಕ್ಕಿಗೆ ಬಾಗಿ ಬಾಗಿ ಆ ಭಂಗಿಯಲ್ಲೇ ಬಲಿಯುತ್ತವೆ. ಬೊಡ್ಡೆಯೊಳಗಿನ ಮರವೂ ಇದಕ್ಕೆ ತಕ್ಕಂತೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬೆಳೆಯುತ್ತದೆ. ಸೂಜಿಯೆಲೆಯ ಮರಗಳು ಗಾಳಿಯ ಮರೆಯ ಕಡೆ ದಪ್ಪಗಾಗಿ ಊರುಗೋಲಿನಂತೆ ನಿಲ್ಲುತ್ತವೆ. ಅಗಲವಾದ ಎಲೆಯ ಮರಗಳು ಗಾಳಿಗೆದುರಾದ ಕಡೆ ಬಲಿತು ಹಗ್ಗದಂತೆ ಹಿಡಿದೆಳೆಯುತ್ತವೆ. ಹೀಗೆ ಮರ ತಾನು ತಿಂದ ಪೆಟ್ಟುಗಳ ಲೆಕ್ಕವನ್ನು ಮೈಯಲ್ಲೇ ಬರೆದಿಟ್ಟುಕೊಳ್ಳುತ್ತದೆ.

೧೯೪೮ರಲ್ಲಿ ಪುಟ್ನಮ್ ತನ್ನ ಪ್ರಯೋಗದ ವೃತ್ತಾಂತವನ್ನು ಗ್ರಂಥವಾಗಿ ಪ್ರಕಟಿಸಿದಾಗ ಮರಗಳ ಈ ಲೆಕ್ಕಕ್ಕೂ ಅದರಲ್ಲಿ ಸ್ಥಾನ ಕೊಟ್ಟ. ಮುಂದೆ ಇದು ಗ್ರಿಗ್ಸ್-ಪುಟ್ನಮ್ ಸೂಚಿ ಎಂದು ಹೆಸರಾಯಿತು. ಅದರ ಮೆಟ್ಟಿಲುಗಳನ್ನು ಕನ್ನಡದಲ್ಲಿ ಹೇಳುವುದಾದರೆ, ಮೊದಲು ಬಾಚಿದ ಮರ, ಆಮೇಲೆ ಬಾವುಟದ ಮರ, ಆಮೇಲೆ ಬಾಗಿದ ಮರ, ಕಡೆಗೆ ಹಾಸಿದ ಮರ. ಸೆಕೆಂಡಿಗೆ ೩-೪ ಮೀಟರ್ ಸರಾಸರಿ ಗಾಳಿಯಿದ್ದಲ್ಲಿ ಎಳೆಯ ರೆಂಬೆಗಳು ಮಾತ್ರ ಬಾಚಿದಂತೆ ತಿರುಗುತ್ತವೆ. ೫-೬ ಮೀಟರ್ ಇದ್ದಲ್ಲಿ ಕೊಂಬೆಗಳು ಒಂದೇ ಕಡೆಗೆ ಬಾವುಟದಂತೆ ಚಾಚುತ್ತವೆ. ೭-೮ ಮೀಟರ್ ಇದ್ದಲ್ಲಿ ಬೊಡ್ಡೆಯೇ ಬಾಗತೊಡಗುತ್ತದೆ. ೧೦ ಮೀಟರ್ ಮುಟ್ಟಿದರೆ ಮರ ಮರವಾಗಿ ಉಳಿಯದೆ ನೆಲಕ್ಕೆ ಹಾಸಿದ ಜಮಖಾನೆಯಾಗುತ್ತದೆ.

ಈ ವಿದ್ಯೆ ಕಾಲು ಶತಮಾನ ಪುಸ್ತಕದಲ್ಲೇ ಮಲಗಿತ್ತು. ಕಲ್ಲೆಣ್ಣೆ ಅಗ್ಗವಾಗಿರುವಾಗ ಗಾಳಿಯನ್ನು ಕೇಳುವವರಾರು? ೧೯೭೩ರಲ್ಲಿ ಎಣ್ಣೆಯ ಬೆಲೆ ಗಗನಕ್ಕೇರಿದ ಮೇಲೆ ಪಂಡಿತರಿಗೆ ಮತ್ತೆ ಬೆಟ್ಟಗಳ ನೆನಪಾಯಿತು. ಆರಿಗನ್ ಸಂಸ್ಥಾನದ ವಿಶ್ವವಿದ್ಯಾಲಯದಲ್ಲಿ ವೆಂಡೆಲ್ ಹ್ಯೂಸನ್, ಜಾನ್ ವೇಡ್ ಮುಂತಾದವರು ಮರಗಳ ಛಾಯಾಚಿತ್ರ ತೆಗೆದು, ತಲೆಯ ಎರಡು ಮಗ್ಗುಲೂ ಬೊಡ್ಡೆಯಿಂದ ಎಷ್ಟೆಷ್ಟು ಕೋನಕ್ಕೆ ಹರಡಿವೆ, ಬೊಡ್ಡೆ ಎಷ್ಟು ಕೋನಕ್ಕೆ ವಾಲಿದೆ ಎಂಬುದನ್ನು ಅಳೆದು, ಗಾಳಿಮಾಪಕದ ಅಂಕಿಗಳೊಡನೆ ಹೋಲಿಸಿದರು. ೧೯೭೯ರಲ್ಲಿ ಈ ಬಗ್ಗೆ ಒಂದು ಕೈಪಿಡಿಯೇ ಹೊರಬಂತು. ಇದಕ್ಕೂ ಮುಂಚೆ, ೧೯೬೩ರಲ್ಲಿ, ಜರ್ಮನಿಯ ಬಾರ್ಶ್ ಎಂಬವನು ಫ್ರಾನ್ಸಿನ ರೋನ್ ಕಣಿವೆಯಲ್ಲಿ ಬೀಸುವ ಮಿಸ್ಟ್ರಾಲ್ ಗಾಳಿಗೆ ಮರಗಳು ಹೇಗೆ ರೂಪುಗೊಂಡಿವೆ ಎಂಬುದನ್ನು ಅಭ್ಯಾಸ ಮಾಡಿದ್ದ. ಗ್ರಿಗ್ಸ್‌ನ ಮೆಟ್ಟಿಲು ಸೂಜಿಯೆಲೆಯ ಮರಗಳಿಗೆ ಒಪ್ಪಿದರೆ ಬಾರ್ಶ್‌ನದು ಅಗಲ ಎಲೆಯ ಮರಗಳಿಗೆ ಒಪ್ಪುವಂಥದು.

ಇದರಿಂದ ಆದ ಪ್ರಯೋಜನ ಇಷ್ಟು: ನೂರು ಬೆಟ್ಟಗಳಿರುವಲ್ಲಿ ನೂರಕ್ಕೂ ಗಾಳಿಮಾಪಕ ಹಾಕಿ ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಒಂದು ಸುತ್ತು ಅಡ್ಡಾಡಿ, ಮರಗಳನ್ನು ನೋಡಿ, ಹತ್ತನ್ನು ಆರಿಸಿ, ಅಲ್ಲಿ ಮಾತ್ರ ಉಪಕರಣ ನಿಲ್ಲಿಸಿದರೆ ಸಾಕು. ಮರ ನ್ಯಾಯಾಧೀಶನಲ್ಲ, ಸಾಕ್ಷಿ.

ಸಾಕ್ಷಿ ಎಂದ ಮೇಲೆ ಪಾಟೀಸವಾಲೂ ಇರಲೇಬೇಕು. ಮರ ವಾಲಲು ಗಾಳಿಯೊಂದೇ ಕಾರಣವಲ್ಲ. ಬೆಳಕಿಗಾಗಿ ವಾಲೀತು, ನೆಲ ಜಾರಿ ವಾಲೀತು, ಸೊಪ್ಪಿಗಾಗಿ ಒಂದು ಮಗ್ಗುಲು ಕಡಿದರೆ ಬೋಳಾದೀತು, ಆಡು ಮೇಯ್ದರೆ ಕುಳ್ಳಾದೀತು. ಕಡಲ ದಂಡೆಯ ತೆಂಗು ಎಷ್ಟೋ ಕಡೆ ಗಾಳಿಗೆದುರಾಗಿ ನೀರಿನ ಕಡೆಗೇ ಬಾಗಿರುತ್ತದೆ. ಅದಕ್ಕೆ ಬೇಕಾದದ್ದು ತೆರೆದ ಬೆಳಕು. ಇನ್ನೊಂದು ಮಾತು: ಬಾಗಿದ ಮರ ಇದ್ದಲ್ಲಿ ಗಾಳಿ ಇದೆಯೆನ್ನಬಹುದು, ಬಾಗದ ಮರ ಇದ್ದಲ್ಲಿ ಗಾಳಿ ಇಲ್ಲವೆನ್ನುವಂತಿಲ್ಲ. ಗಾಳಿ ಎರಡು ದಿಕ್ಕಿನಿಂದ ಸರದಿಯ ಮೇಲೆ ಬೀಸಿದರೆ ಮರ ನೆಟ್ಟಗೇ ನಿಂತೀತು.

ನಮ್ಮ ನಾಡಿನಲ್ಲಿ

ಈಗ ನಮ್ಮ ಕಡೆಗೆ ಬರೋಣ. ನಮ್ಮ ಉಲ್ಲಾಳಕ್ಕೆ ಬರೆದ ಕಾಗದ ಮಂಗಳೂರಿನ ನೆರೆಯ ಉಳ್ಳಾಲಕ್ಕೆ ಹೋದದ್ದುಂಟು. ರಾಣಿ ಅಬ್ಬಕ್ಕನ ಆ ಊರಿನ ತೀರದಂಥ ಕರಾವಳಿಯ ಮರಳಿನಲ್ಲಿ ಒಂದು ಮರವನ್ನು ಬೆಳೆಸುತ್ತಾರೆ. ಮೈಸೂರು ಸೀಮೆಯವರು ಅದನ್ನು ಸರ್ವೆ ಎನ್ನುತ್ತಾರೆ. ಕರಾವಳಿಯವರು ಅದಕ್ಕೆ ಇಟ್ಟ ಹೆಸರು ಗಾಳಿಮರ. ಕಡಲಗಾಳಿಯನ್ನು ತಡೆಯುವುದಕ್ಕೂ ಅದೇ, ಕಡಲಗಾಳಿಯ ಗುರುತನ್ನು ಮೈಮೇಲೆ ಹೊರುವುದಕ್ಕೂ ಅದೇ.

ಘಟ್ಟ ಹತ್ತಿದರೆ ಬಾಬಾಬುಡನ್‌ಗಿರಿಯ ಸಾಲು, ಕುದುರೆಮುಖದ ಸಾಲು. ಅಲ್ಲಿ ಬೆಟ್ಟದ ನೆತ್ತಿಯೆಲ್ಲ ಹುಲ್ಲು. ಮರಗಳು ಮಡಿಲು ಮಡಿಲಿನಲ್ಲಿ ಒತ್ತಾಗಿ ಕುಳಿತಿವೆ. ಇದಕ್ಕೆ ಗಾಳಿಯೊಂದೇ ಕಾರಣವೆನ್ನಲಾಗದು. ಬೆಂಕಿ, ಚಳಿ, ತೆಳುವಾದ ಮಣ್ಣು ಇವುಗಳ ಪಾಲೂ ಇದೆ. ಆದರೆ ಆ ಶೋಲೆಯ ಅಂಚಿನ ಮರಗಳನ್ನು ನೋಡಿ: ಕತ್ತರಿಯಲ್ಲಿ ಸವರಿದಂತೆ ನೆತ್ತಿ ಸಪಾಟಾಗಿ, ಇಳಿಜಾರಿನ ಗೆರೆಗೆ ಸರಿಯಾಗಿ ಏರಿರುತ್ತದೆ. ತಲೆ ಎತ್ತಿದ ಚಿಗುರನ್ನು ಗಾಳಿ ಉಳಿಯಗೊಟ್ಟಿಲ್ಲ.

ಇಷ್ಟೆಲ್ಲ ಸಾಕ್ಷಿಗಳಿದ್ದರೂ ನಮ್ಮವರು ಗಾಳಿಯತ್ತ ಬಹುಕಾಲ ಕಣ್ಣೆತ್ತಿ ನೋಡಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಅದಕ್ಕೆ ಕಾರಣ ನೀರು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಮುಂದೆ ಜೋಗ, ಶರಾವತಿ. ಕಾವೇರಿ ಶರಾವತಿಯರು ಮನೆಯಲ್ಲಿರುವಾಗ ವಾಯುದೇವನನ್ನು ಕರೆಯುವ ಅಗತ್ಯವೇ ಬೀಳಲಿಲ್ಲವೆನ್ನಬೇಕು.

ಸ್ವತಂತ್ರ ಭಾರತದಲ್ಲಿ ಗಾಳಿಶಕ್ತಿಯ ವಿಚಾರಕ್ಕೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿ ೧೯೫೨ರಲ್ಲಿ ಒಂದು ಉಪಸಮಿತಿಯನ್ನು ರಚಿಸಿತು. ೧೯೫೯ರಲ್ಲಿ ಹುಟ್ಟಿ, ಮರುವರ್ಷ ಬೆಂಗಳೂರಿನ ಜಯಮಹಲ್ ರಸ್ತೆಯಲ್ಲಿ ಅರಮನೆಯ ಲಾಯದ ಕಟ್ಟಡದಲ್ಲಿ ನೆಲೆಗೊಂಡ ರಾಷ್ಟ್ರೀಯ ವೈಮಾನಿಕ ಸಂಶೋಧನಾಲಯ ಆ ಕೆಲಸವನ್ನು ವಹಿಸಿಕೊಂಡಿತು. ಪಿ. ನೀಲಕಂಠನ್ ಅದರ ನಿರ್ದೇಶಕರು. ಅಲ್ಲಿ ನೀರೆತ್ತಲು ತಕ್ಕ ಬಹುರೆಕ್ಕೆಯ ಗಾಳಿಯಂತ್ರವನ್ನು ರೂಪಿಸಿದರು. ಕುದುರೆಗಳಿದ್ದ ಲಾಯದಲ್ಲಿ ಗಾಳಿಗೆ ಲಗಾಮು ಹಾಕುವ ಯೋಚನೆ ನಡೆಯಿತೆಂಬುದು ಬೆಂಗಳೂರಿನವರು ಹೆಮ್ಮೆಪಡತಕ್ಕ ಸಂಗತಿ.

ಆದರೆ ಗಾಳಿ ಎಲ್ಲಿ ಎಷ್ಟಿದೆ ಎಂಬುದಕ್ಕೆ ಅವರ ಕೈಯಲ್ಲಿದ್ದ ಆಧಾರವೇನು? ಹವಾಮಾನ ಇಲಾಖೆಯ ವೀಕ್ಷಣಾಲಯಗಳ ಅಂಕಿಗಳು. ಆ ವೀಕ್ಷಣಾಲಯಗಳಿದ್ದದ್ದು ಮಳೆ, ಬಿಸಿಲು, ವಿಮಾನ ಇವುಗಳ ಅನುಕೂಲಕ್ಕೆ. ಹೆಚ್ಚಾಗಿ ಊರುಗಳಲ್ಲಿ, ಬಯಲಿನಲ್ಲಿ. ಊರು ಬೆಳೆದಂತೆ ಮನೆಗಳೂ ಮರಗಳೂ ಅವುಗಳ ಸುತ್ತ ಎದ್ದು ನಿಂತವು. ಬೆಟ್ಟದ ಕಣಿವೆಯ ಬಾಯಲ್ಲಿ, ಬೋಳು ದಿಣ್ಣೆಯ ನೆತ್ತಿಯಲ್ಲಿ ಹಾಯುವ ಗಾಳಿಯನ್ನು ಅವು ಹೇಳಲಾರವು. ಊರೊಳಗಿನ ಗಾಳಿಯನ್ನಷ್ಟೇ ಕೇಳಿದವನಿಗೆ ನಮ್ಮ ದೇಶದ ಗಾಳಿ ನೀರೆತ್ತಲು ಮಾತ್ರ ಸಾಕು ಎಂದು ತೋರಿದರೆ ಆಶ್ಚರ್ಯವಿಲ್ಲ. ವರ್ಮಾಂಟಿನಲ್ಲಿ ಪಂಡಿತರು ಇಲ್ಲದ ಗಾಳಿಯನ್ನು ಕಂಡರು. ನಾವು ಇದ್ದ ಗಾಳಿಯನ್ನು ಕಾಣಲಿಲ್ಲ. ಎರಡಕ್ಕೂ ಮೂಲ ಒಂದೇ: ಬೇಕಾದ ಬೆಟ್ಟವನ್ನೇ ಹತ್ತಿ ಅಳೆಯದೆ ಹೋದದ್ದು.

ಈ ಕೊರತೆಯನ್ನು ನೀಗಿಸಿದವರು ಅಣ್ಣಾ ಮಣಿ. ತಿರುವಾಂಕೂರಿನ ಪೀರ್ಮೇಡಿನಲ್ಲಿ ೧೯೧೮ರಲ್ಲಿ ಹುಟ್ಟಿದ ಈ ಮಹಿಳೆ ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಬಳಿ ಸಂಶೋಧನೆ ಮಾಡಿದವರು. ೧೯೪೮ರಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಉಪಕರಣಗಳನ್ನು ಹೊರದೇಶದಿಂದ ತರಿಸುತ್ತಿದ್ದ ಕಾಲದಲ್ಲಿ ಅವುಗಳನ್ನು ಇಲ್ಲಿಯೇ ತಯಾರಿಸುವ ವ್ಯವಸ್ಥೆಗೆ ಕಾರಣರಾದವರು. ೧೯೭೬ರಲ್ಲಿ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದ ಮೇಲೆ ಅವರು ಮತ್ತೆ ಬೆಂಗಳೂರಿಗೆ ಬಂದರು. ಇತರರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ಅವರ ದೊಡ್ಡ ಕೆಲಸ ಆರಂಭವಾಯಿತು. ಹಳೆಯ ಅಂಕಿಗಳನ್ನೆಲ್ಲ ಶೋಧಿಸಿ ಡಿ. ಎ. ಮೂಲೆ ಅವರೊಡನೆ ೧೯೮೩ರಲ್ಲಿ ಭಾರತದ ಗಾಳಿಶಕ್ತಿಯ ದತ್ತಗಳನ್ನು ಪ್ರಕಟಿಸಿದರು. ಅನಂತರ ಉಷ್ಣವಲಯ ಹವಾಮಾನ ಸಂಸ್ಥೆಯ ಬೆಂಗಳೂರು ಘಟಕದಿಂದ, ಗಾಳಿ ಇರಬಹುದಾದ ಜಾಗಗಳನ್ನೇ ಹುಡುಕಿ, ೨೦-೨೫ ಮೀಟರಿನ ಕಂಬಗಳನ್ನು ನಿಲ್ಲಿಸಿ, ಗಂಟೆ ಗಂಟೆಯ ಲೆಕ್ಕ ಹಿಡಿಯುವ ಮಹಾಸಮೀಕ್ಷೆ ನಡೆಯಿತು. ೧೯೯೦ರಿಂದ ಅದರ ಸಂಪುಟಗಳು ಒಂದೊಂದಾಗಿ ಹೊರಬಂದವು. ೨೦೦೧ರಲ್ಲಿ ಅವರು ತೀರಿಕೊಂಡಾಗ, ಅವರು ಹುಡುಕಿದ ಗಾಳಿಯಲ್ಲಿ ಯಂತ್ರಗಳು ತಿರುಗುತ್ತಿದ್ದವು.

ನೈಋತ್ಯ ಮಾರುತ ತನ್ನ ಮಳೆಯನ್ನೆಲ್ಲ ಮಲೆನಾಡಿಗೆ ಸುರಿದು, ಬರಿಗೈಯಲ್ಲಿ ಮೂಡಲ ಸೀಮೆಗೆ ಇಳಿಯುತ್ತದೆ. ಆದರೆ ಕಾಲಿನ ವೇಗ ಕಡಿಮೆಯಾಗಿರುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ, ಗದಗಿನ ಕಪ್ಪತಗುಡ್ಡ ಇಂಥ ಬೆಟ್ಟಸಾಲುಗಳಿಗೆ ಬಂದು ಅದು ಢಿಕ್ಕಿ ಹೊಡೆಯುತ್ತದೆ. ಶತಮಾನಗಳಿಂದ ಮಳೆ ತರದ ಗಾಳಿಯೆಂದು ಅಲ್ಲಿಯ ರೈತರ ಶಾಪ ತಿಂದ ಗಾಳಿ ಅದು. ಇಂದು ಆ ಬೆಟ್ಟಗಳ ಮೇಲೆ ಬಿಳಿಯ ಕಂಬಗಳು ಸಾಲುಗಟ್ಟಿವೆ. ಕರ್ನಾಟಕದಲ್ಲಿ ಸ್ಥಾಪಿತವಾದ ಗಾಳಿಯಂತ್ರಗಳ ಸಾಮರ್ಥ್ಯ ೨೦೨೪ರಲ್ಲಿ ೬,೦೦೦ ಮೆಗಾವ್ಯಾಟನ್ನು ದಾಟಿತು. ೧೨೦ ಮೀಟರ್ ಎತ್ತರದಲ್ಲಿ ಹಾಯುವ ಗಾಳಿಯಿಂದ ಸುಮಾರು ೧,೨೪,೦೦೦ ಮೆಗಾವ್ಯಾಟ್ ಪಡೆಯಬಹುದೆಂದು ಚೆನ್ನೈಯ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯ ಅಂದಾಜು.

ಸಾಕ್ಷಿಯನ್ನೇ ಕಡಿದರೆ

ಹಾಗಾದರೆ ಮರದ ಸಾಕ್ಷ್ಯಕ್ಕೆ ಈಗ 'ಬೆಲೆ'ಯೇನು? ಯಂತ್ರದ ಗುಂಬ ನೂರು ಮೀಟರಿನಾಚೆ ತಿರುಗುವ ಕಾಲದಲ್ಲಿ, ಹತ್ತು ಮೀಟರಿನ ಮರದ ಮಾತನ್ನು ಕೇಳುವುದೇಕೆ? ಬೆಳಕಿನ ಕಿರಣವನ್ನು ಮೇಲಕ್ಕೆ ಬಿಟ್ಟು ಗಾಳಿಯನ್ನು ಅಳೆಯುವ ಉಪಕರಣಗಳು ಬಂದಿವೆ. ಗಣಕಯಂತ್ರ ಕೂತಲ್ಲಿಯೇ ದೇಶದ ಭೂಪಟ ಬರೆಯುತ್ತದೆ. ಈ ಮಾತನ್ನು ಅಲ್ಲಗಳೆಯಲಾರೆ. ಆದರೂ ಭೂಪಟ ಹೇಳಿದ್ದು ನಿಜವೇ ಎಂದು ಬೆಟ್ಟ ಹತ್ತಿ ನೋಡುವವನಿಗೆ ಮೊದಲು ಕಣ್ಣಿಗೆ ಬೀಳುವುದು ಮರವೇ. ಸಣ್ಣ ಯಂತ್ರವೊಂದನ್ನು ಹೊಲದ ಬದುವಿನಲ್ಲಿ ನಿಲ್ಲಿಸಬಯಸುವ ರೈತನಿಗೂ ಕಾಸಿಲ್ಲದೆ ಸಿಕ್ಕುವ ಸಲಹೆ ಅದೊಂದೇ.

ಇಲ್ಲೊಂದು ನೋವಿನ ಸಂಗತಿಯೂ ಇದೆ. ಬೆಟ್ಟದ ನೆತ್ತಿಗೆ ಯಂತ್ರ ಸಾಗಿಸಲು ದಾರಿ ಬೇಕು; ಉದ್ದುದ್ದ ರೆಕ್ಕೆ ತಿರುಗಲು ಅಗಲವಾದ ದಾರಿ ಬೇಕು. ನೂರು ವರ್ಷ ಗಾಳಿಯ ಲೆಕ್ಕ ಬರೆದಿಟ್ಟ ಕುಳ್ಳುಮರ, ಪೊದೆಗಳು ಅದೇ ದಾರಿಯಲ್ಲಿ ನಿಂತಿರುತ್ತವೆ. ಸಾಕ್ಷಿ ಹೇಳಿಸಿಕೊಂಡ ಮೇಲೆ ಸಾಕ್ಷಿಯ ಕುತ್ತಿಗೆಗೆ ಕೈಹಾಕಿದಂತೆ ಇದು. ಔಷಧಿ ಗಿಡಗಳಿಗೆ ಹೆಸರಾದ ಕಪ್ಪತಗುಡ್ಡವನ್ನು ೨೦೧೯ರಲ್ಲಿ ವನ್ಯಜೀವಿಧಾಮವೆಂದು ಸಾರಿದ್ದಾರೆ. ಹೊಗೆಯಿಲ್ಲದ ಶಕ್ತಿ ನಮಗೆ ಬೇಕು. ಅದನ್ನು ಬೇಡವೆನ್ನುವವನು ನಾನಲ್ಲ. ಆದರೆ ಯಾವ ಬೆಟ್ಟಕ್ಕೆ, ಯಾವ ದಾರಿಯಿಂದ, ಎಷ್ಟು ಎಂಬ ಪ್ರಶ್ನೆಯನ್ನು ಗಾಳಿಯನ್ನೊಂದೇ ಕೇಳಿದರೆ ಸಾಲದು.

ಇನ್ನು ನಮ್ಮ ಹೊಂಗೆಮರದ ವ್ಯಾಜ್ಯ. ಮರುದಿನ ಬೆಳಗ್ಗೆ ಅದರ ಬುಡದಲ್ಲಿ ನಿಂತು ನಾನು ಇಂಜಿನಿಯರಿಗೆ ಗ್ರಿಗ್ಸ್‌ನ ಮೆಟ್ಟಿಲುಗಳನ್ನು ವಿವರಿಸುತ್ತಿದ್ದೆ. ಹಳೆಯ ಊರಿನ ಹಿರಿಯರೊಬ್ಬರು ಹಾಲಿನ ತಂಬಿಗೆ ಹಿಡಿದು ಹೋಗುತ್ತಿದ್ದವರು ನಿಂತು ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು: "ಅದು ಗಾಳಿಗಲ್ಲ ಸಾಮಿ ವಾಲಿರಾದು, ಬೆಳಕಿಗೆ. ಈ ಪಡುವಲಾಗೆ ಆಳುದ್ದ ಗೋಡೆ ಮೇಲೆ ದೊಡ್ಡದೊಂದು ಹೆಂಚಿನ ಮನೆ ಇತ್ತು. ಗಿಡ ಅದರ ಮರೇಲಿ ಬೆಳೀತು. ರಸ್ತೆ ಅಗಲ ಮಾಡ್ವಾಗ ಮನೆ ಹೋಯ್ತು, ಮರ ಉಳೀತು."

ಇಂಜಿನಿಯರು ನಗಲಿಲ್ಲ, ಅದು ಅವರ ದೊಡ್ಡತನ. ಗಾಳಿಯಿಲ್ಲದ ಮರೆಯಲ್ಲಿ ಬೆಳೆದ ಮರವನ್ನು ನಾನು ಗಾಳಿಯ ಸಾಕ್ಷಿಯೆಂದು ಕಟಕಟೆಗೆ ಹತ್ತಿಸಿದ್ದೆ. ಪಾಟೀಸವಾಲಿನ ಮಾತನ್ನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಕೇಳಬೇಕಾದವರನ್ನು ಕೇಳಿರಲಿಲ್ಲ.

ಮುಖ ಉಳಿಸಿಕೊಳ್ಳಲು ನಾನು ಕೇಳಿದೆ: "ಹಾಗಾದರೆ ಯಜಮಾನರೇ, ಈ ಊರಿನಲ್ಲಿ ನಿಜವಾದ ಗಾಳಿ ಎಲ್ಲಿತ್ತು?"

"ಎಲ್ಲಿ ಅಂದ್ರೆ? ಕಣದಾಗೆ. ಅಗೋ ಆ ದಿಣ್ಣೆ ಮೇಲೆ. ಮೂಡಗಾಳಿನೂ ಸಿಕ್ತಿತ್ತು, ಪಡುವಲ ಗಾಳಿನೂ ಸಿಕ್ತಿತ್ತು. ಊರೋರೆಲ್ಲ ಅಲ್ಲೇ ತೂರ್ತಿದ್ದುದು. ಈಗ ಸೈಟು ಮಾಡಿ ಮನೆ ಕಟ್ಟವ್ರೆ."

ಅವರು ಕೈ ತೋರಿದ ಕಡೆಗೆ ನೋಡಿದೆ. ಮನೆಗಳ ಸಾಲಿನ ನಡುವೆ, ಒಂದು ಮಹಡಿಯ ಮೇಲೆ, ನನ್ನ ಪಂಚೆ ಹಗ್ಗವನ್ನು ಕಿತ್ತುಕೊಂಡು ಹೊರಡಲು ಸಿದ್ಧವಾಗಿತ್ತು.